ಗಾಜು ಒರೆಸುವವಳು

ಹತ್ತಿಬಟ್ಟೆಯೇ ಆಗಬೇಕು. ಲಿನನ್ ಜಾರುತ್ತದೆ,
ರೇಷ್ಮೆ ಎಂಜಲನ್ನು ಹೀರದೆ ಬರೀ ಹರಡುತ್ತದೆ.
ಹೀಗೆಂದು ಹೇಳಿಕೊಟ್ಟವಳು ಸೋದರತ್ತೆ ಕ್ರೊಚೆಟ್ಟಾ,
ನಲವತ್ತೊಂದು ವರ್ಷ ಅಜ್ಜನ ತೋಳಿನ ಗಾಜು ಒರೆಸಿದವಳು.

ಅಜ್ಜ ಅಂದರೆ ನಮ್ಮೂರ ಸಂತ.
ಚರ್ಚಿನ ಪುಸ್ತಕದಲ್ಲಿ ಅವನಿಗೊಂದು ಉದ್ದ ಲ್ಯಾಟಿನ್ ಹೆಸರಿದೆ,
ಟ್ಯೂನಾ ಬಲೆ ಎಳೆಯುವವರ ಬಾಯಿಗೆ ಅದು ಹೊಂದಲಿಲ್ಲ.
ಆಫ್ರಿಕದ ಕಡೆಯಿಂದ ಒಡೆದ ದೋಣಿಯಲ್ಲಿ ತೇಲಿಬಂದ ಬಿಷಪ್ಪನಂತೆ,
ನಮ್ಮ ದಡದಲ್ಲೇ ಸತ್ತನಂತೆ.
ಉಳಿದದ್ದು ಇಷ್ಟು: ಬೆಳ್ಳಿಯ ತೋಳು, ಮೇಲೆತ್ತಿದ ಎರಡು ಬೆರಳು,
ಮಣಿಕಟ್ಟಿನ ಕೆಳಗೊಂದು ಪುಟ್ಟ ಕಿಟಕಿ,
ಒಳಗೆ ಒಣಗಿದ ಕ್ಯಾರೊಬ್ ಕಾಯಿಯಂಥ
ಒಂದು ಕಂದು ಎಲುಬು.

ಮೇ ತಿಂಗಳ ಎರಡನೇ ಭಾನುವಾರ.
ಬೆಳಿಗ್ಗೆ ಆರಕ್ಕೇ ಸಾಲು ಮೀನು ಹರಾಜಿನ ಕಟ್ಟೆ ದಾಟುತ್ತದೆ.
ಪಾದ್ರಿ ತೋಳು ಹಿಡಿಯುತ್ತಾರೆ, ಜನ ಬಗ್ಗುತ್ತಾರೆ.
ಮುತ್ತು, ಒರೆಸು. ಮುತ್ತು, ಒರೆಸು.
ನನ್ನನ್ನು ಯಾರೂ ನೋಡುವುದಿಲ್ಲ. ನಾನು ಎಲ್ಲರನ್ನೂ.

ಬೆಳ್ಳುಳ್ಳಿ ತಿಂದವರು, ನಿಜಕ್ಕೂ ಉಪವಾಸ ಇದ್ದವರು,
ಮೀಸೆಯ ಹಿಟ್ಟನ್ನು ಗಾಜಿಗೆ ಬಿಟ್ಟುಹೋಗುವ ಬೇಕರಿಯ ನುಂಜಿಯೊ,
ಮುಟ್ಟಿಯೂ ಮುಟ್ಟದ ಹಾಗೆ ಗಾಳಿಗೆ ಮುತ್ತಿಡುವ ನೋಟರಿಯ ಹೆಂಡತಿ,
ಈ ವರ್ಷ ಮೊದಲ ಸಲ ತುಟಿಗೆ ಕೆಂಪು ಬಳಿದು ಬಂದ ಮೆಲೀನಾ.
ಅವಳಿಂದ ಆರನೆಯವನಾಗಿ ನಿಂತ ಹುಡುಗ ಬಿಟ್ಟ ಗುರುತೂ
ಅದೇ ಕೆಂಪು.
ಒರೆಸಿದೆ. ನನ್ನ ಕೆಲಸ ಅಷ್ಟೇ.

ಏಳು ವರ್ಷದ ಹಿಂದೆ ಪಲೆರ್ಮೊದಿಂದ ಒಬ್ಬಾಕೆ ಬಂದಿದ್ದಳು,
ಎಲುಬು ಓದುವ ಪ್ರೊಫೆಸರ್, ಬಿಳಿ ಕೈಗವಸು, ಸಣ್ಣ ತಕ್ಕಡಿ.
ಮೂರು ದಿನ ಅಳೆದು, ನಾಲ್ಕನೇ ದಿನ
ಪಾದ್ರಿ ಲಿಬೋರಿಯೊ ಮುಂದೆ ಕನ್ನಡಕ ತೆಗೆದಿಟ್ಟು ಹೇಳಿದಳು:
ಇದು ಹೆಂಗಸಿನದು. ಮೂವತ್ತು ದಾಟಿದವಳಲ್ಲ.
ಇಲ್ಲಿ ನೋಡಿ, ಮಾಂಸ ಹಿಡಿದಿದ್ದ ಜಾಗ ಉಬ್ಬಿದೆ.
ಚಿಕ್ಕಂದಿನಿಂದಲೇ ಏನನ್ನೋ ಎಳೆದಿದ್ದಾಳೆ,
ಹಗ್ಗವೋ, ಬಲೆಯೋ, ಬಾವಿಯ ನೀರೋ.

ಬಿಷಪ್ಪರು ಏನು ಎಳೆಯುತ್ತಾರೆ?
ಪಾದ್ರಿ ಕೇಳಲಿಲ್ಲ. ಕಾಫಿ ತಣ್ಣಗಾಯಿತು.
ಈ ಮಾತು ಇಲ್ಲೇ ಇರಲಿ ಎಂದರು.
ಊರ ಬಾಯಿಗೆ ಮುಚ್ಚಳ ಉಂಟೇ?
ಸಂಜೆಯ ದೋಣಿಗಳು ಹೊರಡುವ ಮೊದಲೇ
ಸುದ್ದಿ ಅವುಗಳಲ್ಲಿ ಹತ್ತಿ ಕೂತಿತ್ತು.

ಮುಂದಿನ ಮೇ, ಯಾರೂ ಬರಲಾರರೆಂದು ಪಾದ್ರಿ
ಅರ್ಧದಷ್ಟೇ ಮೇಣದಬತ್ತಿ ತರಿಸಿದ್ದರು.
ಸಾಲು ಉಪ್ಪಿನ ಗದ್ದೆಯವರೆಗೆ ಬೆಳೆಯಿತು.
ಆಂಚೊವಿ ಶೆಡ್ಡಿನಿಂದ ಹೆಂಗಸರು ಏಪ್ರನ್ನಿನಲ್ಲೇ ಬಂದರು,
ಉಪ್ಪು ಕೊರೆದ ಬೆರಳು, ಉಗುರಲ್ಲಿ ಹುರುಪೆ.
ತುಟಿ ಒತ್ತಿದರು. ಆಮೇಲೆ, ಯಾರು ಮೊದಲು ಶುರುಮಾಡಿದರೋ,
ತೋಳು ಮೇಲೇರಿಸಿ ತಮ್ಮ ಮುಂಗೈಯನ್ನು
ಬೆಳ್ಳಿಯ ಪಕ್ಕ ಹಿಡಿದು ನೋಡಿದರು,
ಸಂತೆಯಲ್ಲಿ ಬಳೆ ಅಳತೆ ನೋಡುವ ಹಾಗೆ.

ನಿನಗೆ ಗೊತ್ತಿತ್ತೇ ಅತ್ತೆ, ಎಂದು ಕೇಳಿದ್ದೆ.
ಆಗವಳು ಹಾಸಿಗೆ ಹಿಡಿದಿದ್ದಳು, ಬಾಯಲ್ಲಿ ಎರಡೇ ಹಲ್ಲು.
ಗೊತ್ತಿತ್ತು ಅಂತಲ್ಲ, ಎಂದಳು.
ಆದರೆ ಅಜ್ಜನಿಗೆ ಯಾವ ಮಾತನ್ನೂ
ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ ನೋಡು.
ಆಗಲೇ ಅನುಮಾನ ಬರಬೇಕಿತ್ತು.

ಈಗಲೂ ಅಜ್ಜ ಎಂದೇ ಕರೆಯುತ್ತೇವೆ.
ಬೇರೆ ಹೆಸರಿಡಲು ಅವಳ ಹೆಸರು ಯಾರಿಗೆ ಗೊತ್ತು?

ಸಂಜೆ ಬಟ್ಟೆಯನ್ನು ತೊಳೆಯುವಂತಿಲ್ಲ.
ಚೂರುಚೂರು ಮಾಡಿ ಬಸುರಿಯರಿಗೆ, ಜ್ವರದ ಮಕ್ಕಳಿಗೆ,
ತಲೆದಿಂಬಿನಡಿ ಇಡಲು ಹಂಚುತ್ತೇನೆ.
ಇಡೀ ಊರಿನ ಬಾಯಿ ಅದರಲ್ಲಿ. ಜಗಳ ಆಡಿದವರ ತುಟಿಗಳೂ
ಒಂದೇ ಮಡಿಕೆಯಲ್ಲಿ.

ಹನ್ನೆರಡು ವರ್ಷವಾಯಿತು, ನಾನು ಮಾತ್ರ ಮುತ್ತಿಟ್ಟಿಲ್ಲ.
ಕೈ ಬಿಡುವಿಲ್ಲ, ಮತ್ತೆ
ಒರೆಸುವವಳ ಹಿಂದೆ ಒರೆಸುವವರು ಯಾರು?

ಈ ಸಲ ಕೊನೆಯವನೂ ಹೋದ ಮೇಲೆ
ಪಾದ್ರಿ ನಿಲುವಂಗಿ ಕಳಚಲು ಒಳಗೆ ನಡೆದರು.
ಹೊರಗೆ ಬ್ಯಾಂಡಿನವರು ತುತ್ತೂರಿಯ ಉಗುಳು ಸುರಿಯುತ್ತಿದ್ದರು.
ಬಗ್ಗಿದೆ. ಮೊಣಕೈ ನೋಯಿತು, ಬಲಗಡೆಯದು,
ಒರೆಸಿ ಒರೆಸಿ ಉಬ್ಬಿದ್ದು.
ಗಾಜು ಬೆಚ್ಚಗಿತ್ತು.

ಕಪಾಟಿಗೆ ಬೀಗ ಬಿತ್ತು.
ಮೆಟ್ಟಿಲಿಳಿಯುವಾಗ ಮುಟ್ಟಿ ನೋಡಿಕೊಂಡೆ:
ಬಟ್ಟೆ ಜೇಬಿನಲ್ಲೇ ಇತ್ತು.